ಅಶುದ್ಧ ಬರಹಕ್ಕೆ ಪುಟದಲ್ಲಿ ಸ್ಥಾನವುಂಟೇ?

ದೇವಸ್ಥಾನದ ವಾರ್ತಾಪತ್ರಕ್ಕೆ ಉತ್ಸವಗಳ ವಿವರವನ್ನೂ ಪ್ರವಚನಗಳ ಸಾರಾಂಶವನ್ನೂ ಒದಗಿಸುವುದು ಅಷ್ಟೇನೂ ಕಠಿನವಾದ ಕಾರ್ಯವಲ್ಲ. ಉತ್ಸವವು ತನ್ನ ತಿಥಿಗೆ ತಾನು ಬರುತ್ತದೆ; ವಿದ್ವಾಂಸರು ಪ್ರವಚನ ಮಾಡುತ್ತಾರೆ; ಶ್ರದ್ಧೆಯಿಂದ ಕೇಳಿ ಬರೆದುಕೊಂಡರೆ ಪುಟ ತುಂಬುತ್ತದೆ. ಕಾಠಿನ್ಯವಿರುವುದು ವಾಚಕರಿಂದ ಬರುವ ಪತ್ರಗಳ ವಿಷಯದಲ್ಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸುತ್ತಿನ ಗ್ರಾಮಗಳಿಂದ ಬರುವ ಪತ್ರಗಳಲ್ಲಿ ಹಲವು ಶುದ್ಧವಾದ ಕನ್ನಡದಲ್ಲಿ ಇರುವುದಿಲ್ಲ. ಮಂಡಿಯ ಚೀಟಿಯ ಹಿಂಬದಿಯಲ್ಲಿ, ಮೊಮ್ಮಗನ ನೋಟುಪುಸ್ತಕದಿಂದ ಹರಿದ ಹಾಳೆಯಲ್ಲಿ, ಈಚೆಗಂತೂ ಮೊಬೈಲಿನ ಸಂದೇಶವಾಗಿ ಅವು ಬರುತ್ತವೆ. ಪೂರ್ಣವಿರಾಮವೆಂಬುದಿಲ್ಲ; ಒತ್ತಕ್ಷರ ತಪ್ಪಿರುತ್ತದೆ; ವಾಕ್ಯವು ಒಂದು ಕರ್ತೃವಿನಿಂದ ಹೊರಟು ಮತ್ತೊಬ್ಬನ ಕ್ರಿಯೆಯಲ್ಲಿ ಮುಗಿಯುತ್ತದೆ. ಇಂಥ ಪತ್ರವನ್ನು ಅಚ್ಚಿಗೆ ಕೊಡಬೇಕೇ, ಬದಿಗಿರಿಸಬೇಕೇ? ಮೇಲ್ನೋಟಕ್ಕೆ ಇದು ಅಚ್ಚುಕೂಟದ ಪ್ರಶ್ನೆಯಂತೆ ತೋರುತ್ತದೆ. ವಿಚಾರಿಸಿದರೆ ಇದು ಧರ್ಮದ ಪ್ರಶ್ನೆ. ಯಾರ ಮಾತು ನಾಲ್ಕು ಜನರ ಕಿವಿಗೆ ಬೀಳಬೇಕು, ಯಾರದು ಬೀಳಬಾರದು ಎಂದು ತೀರ್ಮಾನಿಸುವ ಅಧಿಕಾರ ಎಷ್ಟೇ ಅಲ್ಪವಾಗಿರಲಿ, ಅದನ್ನು ಯಾವ ಆಧಾರದ ಮೇಲೆ ನಡೆಸಬೇಕು ಎಂಬುದನ್ನು ನಾವು ಹೇಳಲು ಶಕ್ತರಾಗಿರಬೇಕಷ್ಟೆ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸಿದ ಬಳಿಕವೇ ಸಿದ್ಧಾಂತಕ್ಕೆ ಬರುವುದು ನಮ್ಮ ಹಿರಿಯರ ಪದ್ಧತಿ. ಅದರಂತೆ ಮೊದಲು ಶುದ್ಧಿಯ ಪಕ್ಷವನ್ನು ನೋಡೋಣ. ಶಬ್ದವೆಂಬುದು ಆಟದ ವಸ್ತುವಲ್ಲ. ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಹೋಮ ಮಾಡಿದ ತ್ವಷ್ಟೃವಿನ ಮಂತ್ರದಲ್ಲಿ ಸ್ವರವೊಂದು ತಪ್ಪಿತು, ಅದರಿಂದ ಇಂದ್ರನನ್ನು ಕೊಲ್ಲುವವನು ಎಂಬ ಅರ್ಥ ಹೋಗಿ, ಇಂದ್ರನಿಂದ ಕೊಲ್ಲಲ್ಪಡುವವನು ಎಂಬ ಅರ್ಥ ಬಂದಿತು, ವೃತ್ರನು ಹತನಾದನು. ವ್ಯಾಕರಣವನ್ನು ಏಕೆ ಓದಬೇಕು ಎಂದು ಹೇಳುವಾಗ ಪತಂಜಲಿಮಹರ್ಷಿಗಳು ಮಹಾಭಾಷ್ಯದ ಆರಂಭದಲ್ಲಿಯೇ ಈ ಪ್ರಸಂಗವನ್ನು ನೆನೆಯುತ್ತಾರೆ. ಅಷ್ಟು ದೂರ ಹೋಗುವುದೇಕೆ, ನಮ್ಮ ಸೀಮೆಯ ಆಡುಮಾತನ್ನೇ ನೋಡಬಹುದು. ಇಲ್ಲಿ ಹಕಾರವು ಸುಲಭವಾಗಿ ಜಾರಿಹೋಗುತ್ತದೆ. ಹಾಲು ಆಲಾಗುತ್ತದೆ, ಹಣ್ಣು ಅಣ್ಣಾಗುತ್ತದೆ. ಆಡಿದಂತೆಯೇ ಬರೆಯುವವರ ಪತ್ರದಲ್ಲಿ ಹರಿಯು ಅರಿಯಾಗುತ್ತಾನೆ. ಭಕ್ತಿಯಿಂದ ಬರೆದ ವಾಕ್ಯವೊಂದು ಶ್ರೀಹರಿಯನ್ನು ಶತ್ರುವೆಂದು ಕರೆದಂತಾಗುತ್ತದೆ. ಇದನ್ನು ಇದ್ದಂತೆಯೇ ಅಚ್ಚು ಮಾಡಿ ಐನೂರು ಮನೆಗೆ ಕಳುಹಿಸಬಹುದೇ? ಮಕ್ಕಳು ಅಕ್ಷರ ಕಲಿಯುವುದು ಕಣ್ಣಿನಿಂದ. ಅಚ್ಚಿನಲ್ಲಿ ಕಂಡದ್ದನ್ನು ಅವರು ಸರಿಯೆಂದೇ ನಂಬುತ್ತಾರೆ. ಪುಟಗಳೋ ಮಿತವಾಗಿವೆ. ಇರುವ ಸ್ಥಳವನ್ನು ಅಶುದ್ಧ ಬರಹಕ್ಕೆ ಕೊಟ್ಟರೆ ಶುದ್ಧವಾಗಿ ಬರೆಯಲು ಶ್ರಮಪಟ್ಟವನಿಗೆ ಅನ್ಯಾಯವಾಯಿತು. ಈ ಪಕ್ಷವು ದುರ್ಬಲವಾದುದಲ್ಲ.

ಆದರೆ ಅದೇ ಪತಂಜಲಿಗಳು ಅದೇ ಗ್ರಂಥದಲ್ಲಿ, ಇನ್ನೂ ಕೆಲವು ಪುಟಗಳ ಬಳಿಕ, ಮತ್ತೊಂದು ವೃತ್ತಾಂತವನ್ನು ಹೇಳುತ್ತಾರೆ. ಅದನ್ನು ಉದಾಹರಿಸುವವರು ಕಡಮೆ. ಯರ್ವಾಣರು, ತರ್ವಾಣರು ಎಂಬ ಋಷಿಗಳಿದ್ದರು. ಅವರು ತಿಳಿಯಬೇಕಾದುದನ್ನೆಲ್ಲ ತಿಳಿದವರು, ಧರ್ಮವನ್ನು ಪ್ರತ್ಯಕ್ಷವಾಗಿ ಕಂಡವರು. ಆದರೂ ದಿನನಿತ್ಯದ ಮಾತಿನಲ್ಲಿ 'ಯದ್ವಾ ನಃ', 'ತದ್ವಾ ನಃ' ಎನ್ನಬೇಕಾದಲ್ಲಿ 'ಯರ್ವಾಣಃ', 'ತರ್ವಾಣಃ' ಎನ್ನುತ್ತಿದ್ದರು. ಆ ತಪ್ಪು ಉಚ್ಚಾರಣೆಯೇ ಅವರಿಗೆ ಹೆಸರಾಗಿ ನಿಂತಿತು. ಯಜ್ಞಕರ್ಮದಲ್ಲಿ ಮಾತ್ರ ಅವರು ಅಪಶಬ್ದವನ್ನಾಡುತ್ತಿರಲಿಲ್ಲ. ಅಸುರರಾದರೋ ಯಜ್ಞದಲ್ಲಿಯೇ ತಪ್ಪಿದರು, ಸೋತರು. ಈ ವೃತ್ತಾಂತವು ನಮಗೆ ಬಹಳ ಉಪಕಾರಿಯಾದುದು. ಮಾತು ಅಪಭ್ರಂಶವಾದ ಮಾತ್ರಕ್ಕೆ ಮಾತನಾಡಿದವನ ಜ್ಞಾನವು ಅಪಭ್ರಂಶವಾಗುವುದಿಲ್ಲ ಎಂಬುದು ಇಲ್ಲಿ ಸ್ಪಷ್ಟವಾಗಿದೆ. ಯಾವ ಸ್ಥಳದಲ್ಲಿ ತಪ್ಪು ಹಾನಿಕರ, ಯಾವ ಸ್ಥಳದಲ್ಲಿ ಅಲ್ಲ ಎಂಬ ವಿಭಾಗವೂ ದೊರೆಯುತ್ತದೆ. ಏಕಾದಶೀ ನಿರ್ಣಯ, ಸಾಧನದ್ವಾದಶಿಯ ಪಾರಣೆಯ ವೇಳೆ, ಶ್ರಾದ್ಧದ ತಿಥಿ ಇವು ಯಜ್ಞಕರ್ಮದ ಕಡೆಗೆ ಸೇರಿದವು. ಮಠಗಳ ಪಂಚಾಂಗಗಳಲ್ಲಿಯೇ ಒಮ್ಮೊಮ್ಮೆ ಒಂದು ದಿನದ ವ್ಯತ್ಯಾಸ ಬರುವುದನ್ನು ಬಲ್ಲ ವಾಚಕರಿಗೆ, ಇಂಥ ವಿಷಯದಲ್ಲಿ ಒಂದು ಅಂಕಿ ತಪ್ಪಿದರೆ ಎಷ್ಟು ಮನೆಗಳ ಉಪವಾಸ ಕೆಡುತ್ತದೆಂದು ಹೇಳಬೇಕಾಗಿಲ್ಲ. ಅಲ್ಲಿ ಪತ್ರವು ಎಷ್ಟೇ ಸುಂದರವಾಗಿದ್ದರೂ ಪಂಡಿತರ ಪರಿಶೀಲನೆಯಿಲ್ಲದೆ ಪ್ರಕಟಿಸತಕ್ಕದ್ದಲ್ಲ. ಅಜ್ಜಿಯೊಬ್ಬರು ತಮ್ಮ ಊರಿನ ರಥೋತ್ಸವವನ್ನು ನೆನೆದು ಬರೆದ ಪತ್ರವು ಹಾಗಲ್ಲ.

ಶ್ರೀಮದ್ಭಾಗವತದ ಪ್ರಥಮಸ್ಕಂಧದಲ್ಲಿ ನಾರದರು ವೇದವ್ಯಾಸರಿಗೆ ಹೇಳುವ ಮಾತು ಸರ್ವರಿಗೂ ಪರಿಚಿತವಾದುದು. ಪದಗಳು ಎಷ್ಟೇ ಚಿತ್ರವಾಗಿದ್ದರೂ ಹರಿಯ ಯಶಸ್ಸನ್ನು ಹೇಳದ ವಾಕ್ಯವನ್ನು ಅವರು ಕಾಗೆಗಳು ಸೇರುವ ಜಾಗಕ್ಕೆ ಹೋಲಿಸುತ್ತಾರೆ. ಶ್ಲೋಕಶ್ಲೋಕದಲ್ಲಿಯೂ ರಚನೆ ಸಡಿಲವಾಗಿದ್ದರೂ ಅನಂತನ ನಾಮಗಳಿಂದ ಅಂಕಿತವಾದ ವಾಕ್ಯವನ್ನು ಸಾಧುಗಳು ಕೇಳುತ್ತಾರೆ, ಹಾಡುತ್ತಾರೆ ಎನ್ನುತ್ತಾರೆ. ಇಲ್ಲೊಂದು ಎಚ್ಚರಿಕೆ ಅವಶ್ಯ. ಈ ವಚನವನ್ನು ಹಿಡಿದುಕೊಂಡು, ದೇವರ ಹೆಸರಿದ್ದರೆ ಸಾಕು, ಏನು ಬೇಕಾದರೂ ಹೇಗೆ ಬೇಕಾದರೂ ಬರೆಯಬಹುದು ಎನ್ನುವವರನ್ನು ನಾವು ಕಂಡಿದ್ದೇವೆ. ವಚನದ ತಾತ್ಪರ್ಯವು ಹಾಗಿಲ್ಲ. ಅದು ಕೇಳುವವನ ಕರ್ತವ್ಯವನ್ನು ಹೇಳುತ್ತದೆ. ಬರೆಯುವವನ ಆಲಸ್ಯಕ್ಕೆ ಅನುಮತಿಯನ್ನು ಕೊಡುವುದಿಲ್ಲ. ಸಾಧುವಾದವನು ಸಡಿಲವಾದ ಮಾತಿನಲ್ಲಿಯೂ ಸಾರವನ್ನು ಹುಡುಕುತ್ತಾನೆ ಎಂದು ಅದರ ಅರ್ಥ. ಪತ್ರಗಳನ್ನು ಆರಿಸುವ ಕೆಲಸದಲ್ಲಿ ಕುಳಿತವನೇ ಮೊದಲನೆಯ ಕೇಳುಗನಾದುದರಿಂದ ಈ ವಚನವು ಅವನಿಗೇ ಮೊದಲು ಅನ್ವಯಿಸುತ್ತದೆ.

ಹಾಗಾದರೆ ದೋಷಗಳಲ್ಲಿ ಭೇದವನ್ನು ಹೇಗೆ ಮಾಡಬೇಕು? ಆನಂದವರ್ಧನನು ಧ್ವನ್ಯಾಲೋಕದಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿದ್ದಾನೆ. ಕವಿಗೆ ವ್ಯುತ್ಪತ್ತಿ ಸಾಲದುದರಿಂದ ಬಂದ ದೋಷವನ್ನು ಅವನ ಶಕ್ತಿ ಮುಚ್ಚುತ್ತದೆ. ಶಕ್ತಿಯೇ ಇಲ್ಲದುದರಿಂದ ಬಂದ ದೋಷವು ಕೂಡಲೇ ಹೊರಗೆ ಕಾಣುತ್ತದೆ. ಇಂಥ ವಿಚಾರಗಳನ್ನು ಕನ್ನಡಿಗರಿಗೆ ಕನ್ನಡದಲ್ಲಿಯೇ ತಿಳಿಯಪಡಿಸಿದ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು, 1906ರಲ್ಲಿ ಜನಿಸಿದವರು ಎಂಬುದು ಈ ಸೀಮೆಯವರಿಗೆ ಅಭಿಮಾನದ ಸಂಗತಿ. 1953ರಲ್ಲಿ ಬಂದ ಅವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದದೆ ನಮ್ಮಲ್ಲಿ ಕಾವ್ಯಶಾಸ್ತ್ರದ ಮಾತು ಮುಂದುವರಿಯುವುದಿಲ್ಲ. ಆನಂದವರ್ಧನನ ಭೇದವನ್ನು ಪತ್ರಗಳಿಗೆ ತಂದರೆ ಹೀಗಾಗುತ್ತದೆ: ಶಾಲೆ ದೊರೆಯದುದರಿಂದ ಬಂದ ತಪ್ಪು ಒಂದು ಬಗೆ, ಹೇಳಬೇಕಾದುದೇನೂ ಇಲ್ಲದುದರಿಂದ, ಅಥವಾ ಓದುವವರ ವಿಷಯದಲ್ಲಿ ಅನಾದರವಿರುವುದರಿಂದ ಬಂದ ತಪ್ಪು ಮತ್ತೊಂದು ಬಗೆ. ಮೊದಲನೆಯದನ್ನು ಪೆನ್ನಿನಿಂದ ತಿದ್ದಬಹುದು. ಎರಡನೆಯದಕ್ಕೆ ತಿದ್ದುಪಡಿಯಿಲ್ಲ, ಏಕೆಂದರೆ ತಿದ್ದಿದ ಬಳಿಕ ಅಲ್ಲಿ ಉಳಿಯುವುದು ಏನೂ ಇಲ್ಲ.

ಕೊಬ್ಬರಿಯ ವ್ಯವಹಾರವನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ. ಸುಲಿಯದ ಕಾಯಿಯನ್ನು ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅಟ್ಟದ ಮೇಲೆ ಇಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಗುಡುಗುಡು ಸದ್ದು ಮಾಡುತ್ತದೆ. ಮೇಲಿನ ಮಟ್ಟೆ ಧೂಳಾಗಿದೆ, ಕಪ್ಪಾಗಿದೆ ಎಂದು ಯಾವ ರೈತನೂ ಕಾಯಿಯನ್ನು ಎಸೆಯುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡುತ್ತಾನೆ. ಹೊರಗೆ ಚೆನ್ನಾಗಿ ಕಂಡು ಒಳಗೆ ಕೌಟು ಹಿಡಿದದ್ದೂ ರಾಶಿಯಲ್ಲಿ ಇರುತ್ತದೆ. ಅದನ್ನು ತಿಪಟೂರಿನ ಮಾರುಕಟ್ಟೆಯಲ್ಲಿ ವರ್ತಕರು ಮೂಗಿನಿಂದಲೇ ಹಿಡಿಯುತ್ತಾರೆ. ಗಾತ್ರದಲ್ಲಿ ಸಣ್ಣದು ಬೇರೆ, ಕೆಟ್ಟದ್ದು ಬೇರೆ. ಸಣ್ಣದಕ್ಕೂ ಒಂದು ಬೆಲೆಯಿದೆ. ಪತ್ರವನ್ನು ಅಲುಗಿಸಿ ನೋಡುವುದು ಹೇಗೆ ಎಂದು ಕೇಳಿದರೆ, ನಮಗೆ ತೋರುವ ಪರೀಕ್ಷೆ ಇದು: ಈ ಪತ್ರವನ್ನು ಬರೆದವರಲ್ಲದೆ ಮತ್ತೊಬ್ಬರು ಹೇಳಲಾಗದಂಥ ಒಂದು ಸಂಗತಿಯಾದರೂ ಇದರಲ್ಲಿ ಇದೆಯೇ? ತಮ್ಮ ಮನೆಯಲ್ಲಿ ನಡೆಯುವ ಒಂದು ಆಚರಣೆ, ಪ್ರವಚನದಲ್ಲಿ ಕೇಳಿದ ಮೇಲೆ ಉಳಿದ ಒಂದು ನಿಜವಾದ ಸಂಶಯ, ಪ್ರವಚನಕಾರರ ಮಾತಿಗೆ ಒಂದು ಆಕ್ಷೇಪ, ಹೀಗೆ ಏನಾದರೂ ಇದ್ದರೆ ಆ ಪತ್ರವು ಸದ್ದು ಮಾಡುತ್ತದೆ.

ಈ ಪರೀಕ್ಷೆಗೆ ಒಡ್ಡಿದಾಗ ಸೋಲುವುದು ಬಹಳ ವೇಳೆ ಅಶುದ್ಧ ಪತ್ರವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಒಂದೂ ಅಕ್ಷರ ತಪ್ಪಿಲ್ಲದ, ಸಂಸ್ಕೃತಭೂಯಿಷ್ಠವಾದ, 'ತಮ್ಮ ಪತ್ರಿಕೆಯು ಅತ್ಯಂತ ಉಪಯುಕ್ತವಾಗಿದೆ, ಲೇಖನಗಳು ಜ್ಞಾನಭಂಡಾರವಾಗಿವೆ' ಎಂಬ ಪತ್ರಗಳು ಬರುತ್ತವೆ. ಯಾವ ಲೇಖನ, ಅದರಲ್ಲಿ ಏನು ಉಪಯುಕ್ತ ಎಂಬುದು ಇರುವುದಿಲ್ಲ. ಅದೇ ಪತ್ರವನ್ನು ಅಡಿಕೆಯ ಪತ್ರಿಕೆಗೆ ಕಳುಹಿಸಿದರೂ ಸಲ್ಲುತ್ತದೆ! ಕೊನೆಯಲ್ಲಿ ಬರೆದವರ ಅಂಗಡಿಯ ವಿಳಾಸವು ಮಾತ್ರ ಸ್ಫುಟವಾಗಿರುತ್ತದೆ. ಹೊಗಳಿಕೆಗೆ ಮನಸ್ಸು ಸೋಲುವುದು ಮನುಷ್ಯಸಹಜವಾದುದರಿಂದ ಇಂಥವು ಸುಲಭವಾಗಿ ಒಳಗೆ ಬರುತ್ತವೆ. ತೊದಲುವ ಪ್ರಶ್ನೆಯೊಂದು ಹೊರಗೆ ನಿಲ್ಲುತ್ತದೆ. ವ್ಯಾಕರಣವನ್ನು ಕಾವಲಿಗೆ ನಿಲ್ಲಿಸಿದರೆ ಅದು ಇಂಥವರಿಗೆ ನಮಸ್ಕಾರ ಮಾಡಿ ಬಾಗಿಲು ತೆಗೆಯುತ್ತದೆ. ವ್ಯಕ್ತಿಯೊಬ್ಬರನ್ನು ಹೀಯಾಳಿಸುವ ಪತ್ರವೂ ಅನೇಕವೇಳೆ ಒಳ್ಳೆಯ ಭಾಷೆಯಲ್ಲಿಯೇ ಇರುತ್ತದೆ. ಅದನ್ನು ಭಾಷೆಗಾಗಿ ಕ್ಷಮಿಸಲಾಗದು.

ಹರಿದಾಸಸಾಹಿತ್ಯದ ಚರಿತ್ರೆಯು ಈ ವಿಷಯದಲ್ಲಿ ನಮಗೆ ಎಲ್ಲಕ್ಕಿಂತ ಹತ್ತಿರದ ದೃಷ್ಟಾಂತ. ಮಾನವಿಯ ಶ್ರೀನಿವಾಸಾಚಾರ್ಯರು ಮಹಾಪಂಡಿತರು. ಕನ್ನಡದಲ್ಲಿ ಪದ ಹಾಡುವ ಶ್ರೀ ವಿಜಯದಾಸರ ಆಹ್ವಾನವನ್ನು ಅವರು ಅನಾದರಿಸಿದರೆಂದೂ, ಉದರವ್ಯಾಧಿಯಿಂದ ನರಳಿ, ಶ್ರೀ ಗೋಪಾಲದಾಸರ ಅನುಗ್ರಹದಿಂದ ಗುಣಮುಖರಾಗಿ ಜಗನ್ನಾಥದಾಸರಾದರೆಂದೂ ಸಂಪ್ರದಾಯದಲ್ಲಿ ಪ್ರಸಿದ್ಧವಾಗಿದೆ. ಬಳಿಕ ಅವರು 32 ಸಂಧಿಗಳ ಹರಿಕಥಾಮೃತಸಾರವನ್ನು ಬರೆದುದು ಕನ್ನಡದಲ್ಲಿ, ಭಾಮಿನೀ ಷಟ್ಪದಿಯಲ್ಲಿ. ಈ ಕಥೆಯನ್ನು ಪಾಂಡಿತ್ಯದ ಗರ್ವಕ್ಕೆ ದೊರೆತ ಶಿಕ್ಷೆಯೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಮಗೆ ಇಲ್ಲಿ ಮುಖ್ಯವಾಗಿ ತೋರುವುದು ಬೇರೊಂದು ಅಂಶ. ಆಚಾರ್ಯರು ಪದಗಳನ್ನು ಕೇಳಿ, ಪರೀಕ್ಷಿಸಿ, ಬಿಟ್ಟವರಲ್ಲ. ಅವು ಇರುವ ಭಾಷೆಯನ್ನು ನೋಡಿಯೇ ಬಿಟ್ಟವರು.

ಇನ್ನು ಪದಗಳು ಅಚ್ಚಿಗೆ ಬಂದ ಬಗೆ. ದಾಸರ ಪದಗಳನ್ನು ಮೊದಲಲ್ಲಿಯೇ ಸಂಗ್ರಹವಾಗಿ ಮುದ್ರಿಸಿದವರಲ್ಲಿ ಒಬ್ಬರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಅದು 1850ರಲ್ಲಿ, ಮಂಗಳೂರಿನಲ್ಲಿ. ಕ್ರೈಸ್ತಪಾದ್ರಿಯೊಬ್ಬರು ಅಚ್ಚಿಗೆ ಯೋಗ್ಯವೆಂದು ಎಣಿಸಿದುದನ್ನು ನಮ್ಮವರಲ್ಲಿ ಅನೇಕರು ಆಗ ಹೆಂಗಸರ ಹಾಡೆಂದು ಎಣಿಸಿದ್ದರು ಎಂಬುದನ್ನು ಸ್ವಲ್ಪ ಸಂಕೋಚದಿಂದಲೇ ನೆನೆಯಬೇಕು. ಮುಂದೆ ಉಡುಪಿಯ ಪಾವಂಜೆ ಗುರುರಾಯರು, ಲಿಂಗಸೂಗೂರಿನ ಗೊರೇಬಾಳ ಹನುಮಂತರಾಯರು ಮೊದಲಾದ ಮಹನೀಯರು ಈ ಕೆಲಸಕ್ಕೆ ಜೀವಮಾನವನ್ನೇ ಸವೆಸಿದರು. ಹೆಳವನಕಟ್ಟೆ ಗಿರಿಯಮ್ಮನವರ ಹಾಡುಗಳು, ಹರಪನಹಳ್ಳಿ ಭೀಮವ್ವನವರ ಹಾಡುಗಳು ಉಳಿದುದು ಬಹುಮಟ್ಟಿಗೆ ಸ್ತ್ರೀಯರ ಬಾಯಲ್ಲಿ, ಮತ್ತು ಅವರು ತಮ್ಮ ಕೈಯಿಂದ ಬರೆದುಕೊಂಡ ಹಾಡಿನ ಪುಸ್ತಕಗಳಲ್ಲಿ. ಅಂಥ ಪುಸ್ತಕವನ್ನು ನೋಡಿದವರಿಗೆ ಗೊತ್ತು: ಅಲ್ಪಪ್ರಾಣ ಮಹಾಪ್ರಾಣಗಳಿಗೆ ಅಲ್ಲಿ ಭೇದವಿಲ್ಲ, ಸಾಲು ಎಲ್ಲಿ ಮುರಿಯುತ್ತದೆಂಬುದನ್ನು ರಾಗವೇ ಹೇಳಬೇಕು. ಕಾಗುಣಿತದ ಪರೀಕ್ಷೆಯನ್ನು ಇಟ್ಟಿದ್ದರೆ ಅವುಗಳಲ್ಲಿ ಒಂದಾದರೂ ತೇರ್ಗಡೆಯಾಗುತ್ತಿತ್ತೇ?

ತಿದ್ದುವವರಿಂದಲೂ ಹಾನಿಯುಂಟು, ಅದನ್ನು ಮರೆಯಬಾರದು. ಶ್ರೀಮದಾಚಾರ್ಯರು ಮಹಾಭಾರತ ತಾತ್ಪರ್ಯನಿರ್ಣಯದ ಎರಡನೆಯ ಅಧ್ಯಾಯದಲ್ಲಿ ಗ್ರಂಥಗಳು ಕೆಟ್ಟ ಬಗೆಯನ್ನು ಹೇಳುತ್ತಾರೆ. ಕೆಲವರು ಇಲ್ಲದುದನ್ನು ಸೇರಿಸಿದರು, ಕೆಲವರು ಇದ್ದುದನ್ನು ಬಿಟ್ಟರು, ಕೆಲವರು ಸ್ಥಳವನ್ನು ಪಲ್ಲಟಗೊಳಿಸಿದರು. ತಾವು ದೇಶದೇಶಗಳ ಬೇರೆಬೇರೆ ಪ್ರತಿಗಳನ್ನು ನೋಡಿ ನಿರ್ಣಯ ಮಾಡುತ್ತಿರುವುದಾಗಿಯೂ ಹೇಳುತ್ತಾರೆ. ಇಂದು ಪತ್ರವನ್ನು ತಿದ್ದಲು ಕುಳಿತವನ ಕೈಯಲ್ಲಿ ಈ ಮೂರೂ ನಡೆಯುತ್ತವೆ. ಅಜ್ಜಿ ಬರೆದ ಮುದ್ದಾದ ಗ್ರಾಮ್ಯಪದವನ್ನು ತೆಗೆದು ಗ್ರಾಂಥಿಕಪದವನ್ನು ಹಾಕುತ್ತಾನೆ; ತನಗೆ ಅರ್ಥವಾಗದ ವಾಕ್ಯವನ್ನು ಬಿಟ್ಟುಬಿಡುತ್ತಾನೆ; ಕೊನೆಯಲ್ಲಿ ತನ್ನದೊಂದು ನೀತಿವಾಕ್ಯವನ್ನು ಅಂಟಿಸುತ್ತಾನೆ. ಪತ್ರವು ಶುದ್ಧವಾಗುತ್ತದೆ, ಆದರೆ ಅದು ಅಜ್ಜಿಯದಾಗಿ ಉಳಿಯುವುದಿಲ್ಲ. ಶಾಸನಗಳನ್ನು ಪ್ರಕಟಿಸಿದವರು ಈ ವಿಷಯದಲ್ಲಿ ಹೆಚ್ಚು ಸಂಯಮವನ್ನು ತೋರಿದ್ದಾರೆ. ತುಮಕೂರು ಜಿಲ್ಲೆಯ ಶಾಸನಗಳು ರೈಸ್ ಸಾಹೇಬರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12ನೆಯ ಸಂಪುಟವಾಗಿ 1904ರಲ್ಲಿ ಹೊರಬಂದವು. ಕಲ್ಲಿನ ಮೇಲಿನ ಕಾಗುಣಿತ ಇಂದಿನ ವ್ಯಾಕರಣಕ್ಕೆ ಹೊಂದುವುದಿಲ್ಲವೆಂದು ಯಾವ ಶಾಸನತಜ್ಞನೂ ಶಾಸನವನ್ನು ಬಿಟ್ಟಿಲ್ಲ. ಹಳ್ಳಿಯವನು ಕೊಟ್ಟ ದತ್ತಿಯ ವಿವರವು ಅವನ ಊರಿನ ಅಕ್ಷರದಲ್ಲಿಯೇ ನಮಗೆ ದೊರೆಯುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಕಾಗುಣಿತವನ್ನು ತಿದ್ದುವುದು ಸೇವೆ, ಮಾತಿನ ಧಾಟಿಯನ್ನು ಬದಲಿಸುವುದು ಅತಿಕ್ರಮ. ಅರಿಯನ್ನು ಹರಿಯಾಗಿಸಲು ಬರೆದವರ ಅನುಮತಿಯನ್ನು ಕೇಳಬೇಕಾಗಿಲ್ಲ. ಅವರು ಬರೆಯಬಯಸಿದುದು ಅದೇ ಆಗಿತ್ತು. ಅರ್ಥವೇ ಸಂದಿಗ್ಧವಾದಲ್ಲಿ ಊಹಿಸದೆ ಕೇಳಬೇಕು. ಈಗ ದೂರವಾಣಿಯಿರುವಾಗ ಅದು ಎರಡು ನಿಮಿಷದ ಕೆಲಸ. ತಿದ್ದಿದ ಪ್ರತಿಯನ್ನು ಓದಿ ಹೇಳಿ, 'ಅಮ್ಮಾ, ತಾವು ಹೇಳಬೇಕೆಂದದ್ದು ಇದೇ ತಾನೇ?' ಎಂದು ವಿಚಾರಿಸಿದರೆ, ನಾವು ತಿಳಿದುಕೊಂಡುದಕ್ಕಿಂತ ಬೇರೆಯದೇ ಆದ ಸಂಗತಿಯು ಹೊರಬರುವುದುಂಟು. ಮೊಬೈಲಿನಲ್ಲಿ ಮಾತನಾಡಿ ಅಕ್ಷರವಾಗಿಸಿದ ಸಂದೇಶಗಳಲ್ಲಿ ಇದು ಮತ್ತೂ ಅವಶ್ಯಕ. ಅಲ್ಲಿ ತಪ್ಪು ಬರೆದವರದಲ್ಲ, ಯಂತ್ರದ್ದು. ಒಂದಕ್ಷರವನ್ನೂ ಮುಟ್ಟಕೂಡದು ಎಂದು ಹಟ ಹಿಡಿಯುವ ಹಿರಿಯರೂ ಇದ್ದಾರೆ. ಅವರ ಪತ್ರವನ್ನು ವಿನಯದಿಂದ ಹಿಂದಿರುಗಿಸಬಹುದು, ಅದರಲ್ಲಿ ಅನ್ಯಾಯವಿಲ್ಲ. ಮಾಡಬಾರದ ಕೆಲಸ ಒಂದುಂಟು: ತಪ್ಪುಗಳನ್ನು ಹಾಗೆಯೇ ಬಿಟ್ಟು ನಾಲ್ಕು ಜನ ನಗಲಿ ಎಂದು ಪ್ರಕಟಿಸುವುದು. ಅದಕ್ಕಿಂತ ಪತ್ರವನ್ನು ಹರಿದುಹಾಕುವುದು ಮೇಲು.

ನಿರಾಕರಿಸಿದಾಗ ಆಗುವ ನಷ್ಟವೇನೆಂಬುದನ್ನೂ ಎಣಿಸಬೇಕು. ಶುದ್ಧವಾಗಿ ಬರೆಯಬಲ್ಲವನು ಒಂದು ಪತ್ರ ಪ್ರಕಟವಾಗದಿದ್ದರೆ ಮತ್ತೊಂದನ್ನು ಬರೆಯುತ್ತಾನೆ, ಅಥವಾ ಕೋಪಿಸಿಕೊಂಡು ಬೇರೆ ಪತ್ರಿಕೆಗೆ ಕಳುಹಿಸುತ್ತಾನೆ. ಅರವತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಪೆನ್ನು ಹಿಡಿದವರು ಹಾಗಲ್ಲ. ಉತ್ತರವಿಲ್ಲದ ಮೌನವನ್ನು ಅವರು ತಮ್ಮ ಯೋಗ್ಯತೆಯ ಮೇಲಿನ ತೀರ್ಪೆಂದೇ ತಿಳಿಯುತ್ತಾರೆ, ಮತ್ತೆ ಬರೆಯುವುದಿಲ್ಲ. ಬೆಂಗಳೂರಿನಲ್ಲಿಯೋ ಅಮೆರಿಕಾದಲ್ಲಿಯೋ ಬೆಳೆದ ಮೊಮ್ಮಕ್ಕಳ ವಿಷಯವೂ ಇದೇ. ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಬರೆಯಬಲ್ಲ ಹುಡುಗಿ, ಅಜ್ಜನಿಗಾಗಿ ಕಷ್ಟಪಟ್ಟು ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತಾಳೆ. ಲಿಂಗ ತಪ್ಪುತ್ತದೆ, ವಿಭಕ್ತಿ ತಪ್ಪುತ್ತದೆ. ಅದನ್ನು ಬದಿಗಿರಿಸಿದರೆ ಮುಂದಿನ ಸಲ ಅವಳು ಬರೆಯುವುದು ಯಾವ ಭಾಷೆಯಲ್ಲಿ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮಕ್ಕಳು ಅಚ್ಚಿನ ತಪ್ಪನ್ನು ಕಲಿತಾರು ಎಂಬ ಆಕ್ಷೇಪಕ್ಕೆ ಕಾಗುಣಿತವನ್ನು ತಿದ್ದಿ ಮುದ್ರಿಸುವುದೇ ಸಮಾಧಾನ. ಸ್ಥಳದ ಅಭಾವವೆಂಬ ಆಕ್ಷೇಪಕ್ಕೆ, ಹೊಗಳಿಕೆಯ ಪತ್ರಗಳನ್ನು ಬಿಟ್ಟರೆ ಬೇಕಾದಷ್ಟು ಸ್ಥಳ ದೊರೆಯುತ್ತದೆ. ಪ್ರಕಟಿಸಲಾಗದ ಪತ್ರಕ್ಕೆ ಒಂದು ಸಾಲಿನ ಉತ್ತರವನ್ನಾದರೂ, ಕಾರಣದೊಡನೆ, ಕಳುಹಿಸತಕ್ಕದ್ದು. ಇದಕ್ಕೆ ಶ್ರಮವಾಗುತ್ತದೆ; ಆಗಲಿ.

ಕೊನೆಯದಾಗಿ ಒಂದು ವಿಷಯ. ಈ ಭಾಗದ ಮನೆಗಳಲ್ಲಿ ಆರತಿಯ ವೇಳೆ ಹೇಳುವ ಹಾಡುಗಳಲ್ಲಿ, ಅಚ್ಚಿನ ಪುಸ್ತಕಗಳಲ್ಲಿ ಕಾಣದ ನುಡಿಗಳು ಬರುವುದುಂಟು. ಅಂಥ ನುಡಿಯನ್ನು ಯಾರಾದರೂ ಬರೆದು ಕಳುಹಿಸಿದಾಗ, ಪ್ರಾಸ ತಪ್ಪಿದೆ, ಇದು ದಾಸರದಾಗಿರಲಾರದು ಎಂದು ಅವಸರದಲ್ಲಿ ನಿರ್ಣಯಿಸದೆ, ಮನೆಯಲ್ಲಿ ಹಾಡುವಂತೆಯೇ ಅದನ್ನು ಮುದ್ರಿಸಿ, ಮುದ್ರಿತ ಪುಸ್ತಕದ ಪಾಠವನ್ನು ಕೆಳಗೆ ಕೊಡುವುದು ಉಚಿತವೆಂದು ನಾವು ಭಾವಿಸುತ್ತೇವೆ. ನಿಮ್ಮ ಮನೆಯ ಹಿರಿಯರಿಗೆ ಇಂಥ ನುಡಿಗಳು ನೆನಪಿದ್ದರೆ, ಬರೆಯಲು ಬಾರದಿದ್ದಲ್ಲಿ ಮಕ್ಕಳಿಂದ ಬರೆಯಿಸಿಯಾದರೂ ಕಳುಹಿಸಿಕೊಡಬೇಕೆಂದು ಕೋರುತ್ತೇವೆ. ಹಾಡಿದವರ ಊರು, ಅವರು ಯಾರಿಂದ ಕಲಿತರು ಎಂಬ ವಿವರ ಜೊತೆಯಲ್ಲಿದ್ದರೆ ಸಾಕು. ಕಾಗುಣಿತದ ಚಿಂತೆ ಬೇಡ.